ಜಂಬಮ್ಮ ಬ್ರೇಕ್ ಕಲಿತ ಭಾನುವಾರ

“ಲೇ ಜಂಬಿ, ಐವತ್ತು ದಾಟಿದ ಮ್ಯಾಲೆ ರೇಸ್ ಓಡಸಾಕ ಹೊಂಟೀಯೇನು? ಊರಾಗ ಯಾರಾರ ಕೇಳಿದ್ರ ನಾ ಏನಂತ ಹೇಳಲಿ?”

ಕುರುಗೋಡಿನ ಮನೆ ಮುಂದೆ ಕಾರಿನ ಗಾಜು ಒರೆಸುತ್ತಿದ್ದ ಚಂದ್ರಣ್ಣ ಹೀಗೆ ಕೇಳಿದ. ಹೆಂಡತಿ ಜಂಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ್ತಿಲು ದಾಟಿ ಬಂದಳು.

“ರೇಸ್ ಅಲ್ರಿ, ಟ್ರ್ಯಾಕ್ ದಿನ ಅಂತಾರ. ಖಾಲಿ ಜಾಗದಾಗ ನಮ್ಮ ಕಾರು ನಾವೇ ಓಡಿಸಿ ಕಲಿಯೋದು. ಎದುರಿಗೆ ಲಾರಿ ಬರಾಂಗಿಲ್ಲ, ಅಡ್ಡ ಎಮ್ಮಿ ಬರಾಂಗಿಲ್ಲ. ನಮ್ಮ ಮಹಿಳಾ ಸಂಘದಾಗ ಹೆಸರು ಬರೆಸೀನಿ, ಇವತ್ತು ನನ್ನ ಪಾಳಿ.”

“ಲೈಸೆನ್ಸ್ ಕೈಗೆ ಬಂದೈತಲ್ಲ, ಇನ್ನೇನು ಕಲೀತಿ?”

“ಬಂದು ಎರಡು ತಿಂಗಳಾತು. ಮನಿಯಿಂದ ಬಸ್ ಸ್ಟ್ಯಾಂಡ್ ತನಕ ಓಡಿಸೀನಿ, ಅದೂ ಎರಡನೇ ಗೇರಿನ್ಯಾಗ. ಬಳ್ಳಾರಿ ರೋಡಿಗೆ ಇನ್ನೂ ಒಮ್ಮೆನೂ ಇಳಿಸಿಲ್ಲ.”

ಜಂಬಮ್ಮನಿಗೆ ಈ ವಯಸ್ಸಿನಲ್ಲಿ ಕಾರಿನ ಹಂಬಲ ಸುಮ್ಮನೆ ಹುಟ್ಟಿದ್ದಲ್ಲ. ಹನ್ನೊಂದು ವರ್ಷ ಈ ಕಾರು ಓಡಿಸಿದವನು ಚಂದ್ರಣ್ಣ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಇನ್ನು ಮುಂದೆ ಯಾವ ಗಾಡಿಯನ್ನೂ ಓಡಿಸಬಾರದು, ತಿಂಗಳಿಗೊಮ್ಮೆ ಬಳ್ಳಾರಿಗೆ ಬಂದು ಕಣ್ಣಿಗೆ ಇಂಜೆಕ್ಷನ್ ಮಾಡಿಸಿಕೊಳ್ಳಬೇಕು ಎಂದರು ಡಾಕ್ಟರು. ಇವನು ಹೋದ ತಿಂಗಳು ಏನು ಮಾಡಿದ ಗೊತ್ತೇ? ಬಸ್ಸಿಗೆ ಹೋಗುತ್ತೇನೆಂದು ಹೇಳಿ, ಹಿಂದಿನ ಓಣಿಯಿಂದ ಕಾರು ತೆಗೆದುಕೊಂಡು ಒಬ್ಬನೇ ಹೋಗಿ ಬಂದ. ಮೊಳೆಗೆ ತೂಗುಹಾಕಿದ್ದ ಕೀ ಇಲ್ಲದ್ದು ನೋಡಿ ಜಂಬಮ್ಮ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ಮುಂದಿನ ಇಂಜೆಕ್ಷನ್ ನಾಳೆ ಸೋಮವಾರ.

“ಮನಿ ಮುಂದ ಕಾರಿಟ್ಟುಕೊಂಡು ನಾ ಬಸ್ಸಿಗೆ ನಿಲ್ಲಾಂಗಿಲ್ಲ. ನೀ ಓಡಿಸ್ತಿ ಅಂದ್ರ ಓಡಸು. ಇಲ್ಲಂದ್ರ ನಾನೇ ಓಡಿಸ್ತೀನಿ,” ಎಂದು ಚಂದ್ರಣ್ಣ ಹೇಳಿಬಿಟ್ಟಿದ್ದ. ಜಂಬಮ್ಮನ ಮುಂದೆ ಇದ್ದದ್ದು ಈ ಒಂದು ಭಾನುವಾರ ಮಾತ್ರ.

ಪಕ್ಕದ ಮನೆಯ ಹುಲುಗೇಶ ಬಾಡಿಗೆ ಕಾರಿನ ಡ್ರೈವರು. ಕಲಿಯುವ ಜಾಗದವರೆಗೆ ಕಾರು ಓಡಿಸಲು ಅವನೇ ಬಂದ. ಮೂವರೂ ಹೊರಟರು. ಹತ್ತುವ ಮುಂಚೆ ಮೂವರೂ ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದು, ಒಳಗೆ ಕೂತು ಕಾಲ ಬದಿಯಲ್ಲಿ ಇಟ್ಟುಕೊಂಡರು. ಅದು ಚಂದ್ರಣ್ಣನ ನೇಮ. ಪೂಜೆ ಮಾಡಿದ ಗಾಡಿಯನ್ನು ಚಪ್ಪಲಿಗಾಲಲ್ಲಿ ತುಳಿಯಬಾರದು. ಮೇಲಾಗಿ ನಮ್ಮ ಕಡೆಯ ಎರೆಮಣ್ಣು ಒಮ್ಮೆ ಅಂಟಿದರೆ ಬಿಡುವಂಥದ್ದಲ್ಲ. ನಗಬೇಡಿ, ಇಂಥ ಮನೆ ನಮ್ಮಲ್ಲಿ ಓಣಿಗೊಂದು ಇದೆ. ನಿಮ್ಮದೂ ಇರಬಹುದು.

ಬಳ್ಳಾರಿಯಿಂದ ಸಿರುಗುಪ್ಪದ ಕಡೆ ಹೋಗುವ ರಸ್ತೆಯಲ್ಲಿ ಒಂದು ರೈಸ್ ಮಿಲ್ಲು. ಅದರ ಹಿಂದೆ ಭತ್ತ ಒಣಗಿಸುವ ಸಿಮೆಂಟಿನ ಕಣ, ಉದ್ದಕ್ಕೆ, ಅಗಲಕ್ಕೆ. ಸುಗ್ಗಿ ಇಲ್ಲದ್ದರಿಂದ ಖಾಲಿ ಇತ್ತು. ಡ್ರೈವಿಂಗ್ ಕಲಿಸುವ ನೇತ್ರಾ ಮೇಡಂ ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದಳು. ಗೆರೆಯಿಂದ ಮೂವತ್ತು ಹೆಜ್ಜೆ ಆಚೆ ಆಳೆತ್ತರದ ಒಂದು ಚೀಲ ನಿಂತಿತ್ತು, ಜೀನ್ಸ್ ಹೊಲಿಯುವ ಕಡೆಯಿಂದ ತಂದ ಬಟ್ಟೆ ತುಂಡು ತುಂಬಿದ್ದು.

“ಇದು ರೋಡಿಗೆ ಓಡಿ ಬಂದ ಮನಷ್ಯಾ ಅಂತ ತಿಳೀರಿ,” ಎಂದಳು ನೇತ್ರಾ. “ಗೆರಿ ಬಂತು ಅಂದಕೂಡ್ಲೆ ಬ್ರೇಕು, ಕ್ಲಚ್ಚು ಎರಡೂ ಪೂರ್ತಿ ಒತ್ತಬೇಕು. ಮುದ್ದು ಮಾಡಿದಂಗ ಅಲ್ಲ, ಜೋರಾಗಿ. ರೋಡಿನ್ಯಾಗ ಇದನ್ನ ಕಲಿಯಾಕ ಆಗಾಂಗಿಲ್ಲ, ಅದಕ್ಕ ಇಲ್ಲಿ ಕಲೀರಿ.”

ಜಂಬಮ್ಮ ಎಂದಿನಂತೆ ಚಪ್ಪಲಿ ಕಳಚಿ ಕಾಲ ಬದಿಗಿಟ್ಟು ಡ್ರೈವರ್ ಸೀಟಿನಲ್ಲಿ ಕೂತಳು. ನೇತ್ರಾ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು. ಜಂಬಮ್ಮನಿಗೂ ಹಾಕಿಸಿದಳು. ಒಂದು ಕೈ ಹ್ಯಾಂಡ್ ಬ್ರೇಕಿನ ಮೇಲೆ ಇಟ್ಟು, “ಕಾಲಡಿ ಏನೂ ಇಲ್ಲಲ್ಲ ಅಮ್ಮಾ?” ಎಂದು ಕೇಳಿದಳು.

“ಏನೂ ಇಲ್ರಿ ಮೇಡಂ,” ಎಂದಳು ಜಂಬಮ್ಮ.

ಸುಳ್ಳು ಹೇಳಿದ್ದಲ್ಲ. ಹನ್ನೊಂದು ವರ್ಷದಿಂದ ಕಾಲ ಬದಿಯಲ್ಲೇ ಇಟ್ಟು ರೂಢಿಯಾದ ಚಪ್ಪಲಿ ಅವಳ ಲೆಕ್ಕಕ್ಕೇ ಬರಲಿಲ್ಲ, ಅಷ್ಟೇ.

ಚಂದ್ರಣ್ಣ, ಹುಲುಗೇಶ ಇಬ್ಬರೂ ಬೇವಿನ ಮರದ ಕೆಳಗೆ ನಿಂತರು. ಮೊದಲ ಸಲ ಇಪ್ಪತ್ತರ ಸ್ಪೀಡು. ಕಾರು ಸಲೀಸಾಗಿ ನಿಂತಿತು. ಎರಡನೇ ಸಲ ಮೂವತ್ತು. ಕಿರ್ ಎಂದು ನಿಂತಿತು. ಜಂಬಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಗಂಡನನ್ನು ನೋಡಿ ಜೋರಾಗಿ ನಕ್ಕಳು.

“ನಗಬ್ಯಾಡ, ಮುಂದ ನೋಡು!” ಎಂದು ಚಂದ್ರಣ್ಣ ಅಲ್ಲಿಂದಲೇ ಕೂಗಿದ.

ಮೂರನೇ ಸಲ ನಲವತ್ತು. ಗೆರೆ ಬಂತು. ಜಂಬಮ್ಮ ಬಲವಾಗಿ ಒತ್ತಿದಳು. ಬ್ರೇಕ್ ಪೆಡಲ್ ಅರ್ಧಕ್ಕೆ ಇಳಿದು ಅಲ್ಲೇ ನಿಂತುಬಿಟ್ಟಿತು. ಮತ್ತೆ ಒತ್ತಿದಳು. ಕಲ್ಲಿನ ಮೇಲೆ ಒತ್ತಿದ ಹಾಗೆ. ಕಾರು ಹೋಗುತ್ತಲೇ ಇತ್ತು. ನೇತ್ರಾ ಹ್ಯಾಂಡ್ ಬ್ರೇಕ್ ಎಳೆದಳು. ದಪ್ ಎಂದು ಸದ್ದಾಯಿತು.

“ನಿಂತಿತೇನೋ ಹುಲುಗೇಶಾ?” ಎಂದು ಚಂದ್ರಣ್ಣ ಕಣ್ಣು ಕಿರಿದು ಮಾಡಿ ಕೇಳಿದ.

“ಏನಣ್ಣಾ, ಚೀಲಾನ ನಾಲ್ಕು ಮಾರು ದಬ್ಬಿಕೊಂಡು ಹೋತಲ್ಲ! ಕಾಣಲಿಲ್ಲೇನು?”

ಚಂದ್ರಣ್ಣ ದಾಪುಗಾಲು ಹಾಕುತ್ತ ಕಾರಿನ ಹತ್ತಿರ ಹೋದ. ಜಂಬಮ್ಮ ಕೆಳಗಿಳಿದು ನಿಂತಿದ್ದಳು, ಮುಖವೆಲ್ಲ ಬೆವರು.

“ನನ್ನ ಕೈಲಿ ಆಗಾಂಗಿಲ್ರಿ. ಒತ್ತಿದೆ, ಪೂರ್ತಿ ಒತ್ತಿದೆ. ಅದು ಮನಷ್ಯಾ ಆಗಿದ್ರ...”

“ಸಾಕು ಬಿಡು. ಕೀ ಕೊಡು. ನಾಳೆ ನಾನೇ ಓಡಿಸ್ತೀನಿ,” ಎಂದು ಚಂದ್ರಣ್ಣ ಕೈ ಚಾಚಿದ.

ಜಂಬಮ್ಮ ಕೀಯನ್ನು ಮುಷ್ಟಿಯಲ್ಲಿ ಹಿಡಿದೇ ನಿಂತಳು. ಕೊಡಲಿಲ್ಲ.

ನೇತ್ರಾ ಮಾತ್ರ ಇವರ ಕಡೆ ನೋಡಲಿಲ್ಲ. ಡ್ರೈವರ್ ಬಾಗಿಲ ಹತ್ತಿರ ಮೊಣಕಾಲೂರಿ, ಪೆಡಲ್ ಕೆಳಗೆ ಕೈ ಹಾಕಿ ಎಳೆದಳು. ಮಡಚಿಕೊಂಡ ಒಂದು ರಬ್ಬರ್ ಚಪ್ಪಲಿ ಹೊರಗೆ ಬಂತು.

“ಅಮ್ಮಾ, ತಪ್ಪು ನಿಮ್ಮ ಕಾಲಿಂದಲ್ಲ. ಮೊದಲ ಎರಡು ಸಲ ಬ್ರೇಕ್ ಹಾಕಿದಾಗ ಇದು ಮುಂದಕ್ಕ ಜಾರೈತಿ. ಮೂರನೇ ಸಲ ಪೆಡಲ್ ಕೆಳಗ ಹೋಗಿ ಕೂತೈತಿ. ಇದು ಇರೋತನಕ ಪೈಲ್ವಾನ್ ಬಂದು ಒತ್ತಿದ್ರೂ ಬ್ರೇಕ್ ಇಳಿಯಾಂಗಿಲ್ಲ. ನಂದೂ ತಪ್ಪೈತಿ. ನಿಮ್ಮ ಬಾಯಿಮಾತು ಕೇಳಿ ಸುಮ್ಮನಾದೆ, ಬಗ್ಗಿ ನೋಡಬೇಕಿತ್ತು.”

ಚಂದ್ರಣ್ಣ ಆ ಚಪ್ಪಲಿ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಪೆಡಲಿನ ಅಚ್ಚು ಅದರ ಮೇಲೆ ಮೂಡಿತ್ತು. ಅದನ್ನು ಹೆಂಡತಿಗೆ ತೋರಿಸಿದ.

“ಹೋದ ವರ್ಷ ಸಂಗನಕಲ್ಲು ಹತ್ರ ಟ್ರ್ಯಾಕ್ಟರ್ ಟ್ರೇಲರಿಗೆ ಗುದ್ದಿದ್ನಲ್ಲ ನಾನು. ಅವತ್ತೂ ಹಿಂಗ ಆಗಿತ್ತು, ಬ್ರೇಕ್ ಅರ್ಧಕ್ಕ ನಿಂತಿತ್ತು. ಮೆಕ್ಯಾನಿಕ್ ಎರ್ರಣ್ಣನ ಮನಿ ಮುಂದ ಹೋಗಿ, ಬ್ರೇಕ್ ಸರಿ ಮಾಡಿಲ್ಲಂತ ಬಾಯಿಗೆ ಬಂದಂಗ ಬೈದು ಬಂದೆ.”

“ಎರ್ರಣ್ಣಗ ಹೋಳಿಗಿ ಮಾಡಿ ಕರೀಬೇಕು ಹಂಗಾರ,” ಎಂದ ಹುಲುಗೇಶ.

“ಸುಮ್ಕಿರಲೇ.” ಚಂದ್ರಣ್ಣ ನೇತ್ರಾ ಕಡೆ ತಿರುಗಿದ. “ಪೂಜಿ ಮಾಡಿದ ಗಾಡಿ ಮೇಡಂ. ಚಪ್ಪಲಿ ಹಾಕ್ಕೊಂಡು ಹೆಂಗ ತುಳಿಯೋದು?”

“ಪೂಜಿ ಮಾಡ್ರಿ ಅಣ್ಣಾರ, ಯಾರು ಬ್ಯಾಡ ಅಂದ್ರು? ಚಪ್ಪಲಿ ಬಿಡಬೇಕಂದ್ರ ಹಿಂದಿನ ಡಿಕ್ಕಿಯೊಳಗ ಹಾಕ್ರಿ. ಡ್ರೈವರ್ ಕಾಲಡಿ ಮಾತ್ರ ಖಾಲಿ ಇರಬೇಕು. ನೀರಿನ ಬಾಟಲಿನೂ ಬ್ಯಾಡ, ಮಣ್ಣು ಆಗಬಾರದಂತ ಹಾಸೋ ಚೀಲಾನೂ ಬ್ಯಾಡ. ನನ್ನ ಕೇಳಿದ್ರ, ಬರಿಗಾಲಿಗಿಂತ ಕಾಲಿಗೆ ಬಿಗಿಯಾಗಿ ಕೂಡೋ ಬೂಟು ಛಲೋ. ಗಾಡಿ ಒಳಗ ಕೂತವರು ಉಳಿದ್ರೇ ಅಲ್ರಿ ಪೂಜಿ?”

ನೇತ್ರಾ ತನ್ನ ಕ್ಯಾನ್ವಾಸ್ ಬೂಟು ಬಿಚ್ಚಿ ಜಂಬಮ್ಮನ ಮುಂದೆ ಇಟ್ಟಳು. ಸೀರೆಯ ಕೆಳಗೆ ಬಿಳಿ ಬೂಟು ನೋಡಿ ಹುಲುಗೇಶ ಸೀಟಿ ಹೊಡೆದ. “ಅಕ್ಕಾ, ಸಾಲಿ ಹುಡುಗಿ ಹಂಗ ಕಾಣತಿ!”

ಜಂಬಮ್ಮ ನಗಲಿಲ್ಲ. ಗಂಡನನ್ನೇ ನೋಡುತ್ತಿದ್ದಳು. ಅವನು ಕೀಗಾಗಿ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಿದ್ದ.

“ಇನ್ನೊಂದು ಸಲ ಹೋಗು. ನಾ ಇಲ್ಲಿಂದ ನೋಡ್ತೀನಿ,” ಎಂದವನು ತಡೆದು, “ಹುಲುಗೇಶ ನೋಡಿ ಹೇಳ್ತಾನ ಬಿಡು,” ಎಂದ.

ನಲವತ್ತರ ಸ್ಪೀಡು. ಗೆರೆ ಬಂತು. ಬ್ರೇಕು ಪೂರ್ತಿ ಇಳಿಯಿತು. ಚೀಲಕ್ಕೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಕಾರು ನಿಂತಿತ್ತು. ಜಂಬಮ್ಮ ಆಮೇಲೆ ಆರು ಸಲ ಹೋದಳು. ಆರು ಸಲವೂ ನಿಲ್ಲಿಸಿದಳು. ಬೂಟು ನಾಲ್ಕು ದಿನ ಬಿಟ್ಟು ಕೊಡಿ ಎಂದು ನೇತ್ರಾ ಹೇಳಿದ್ದರಿಂದ, ಊರಿಗೆ ವಾಪಸ್ ಕಾರು ಓಡಿಸಿದ್ದೂ ಜಂಬಮ್ಮನೇ.

ಓದುವವರೇ, ಕೇಳುವವರೇ, ನಿಮಗೊಂದು ಮಾತು. ಇದನ್ನು ಓದಿ ಮುಗಿಸಿದ ಮೇಲೆ ಎದ್ದು ಹೋಗಿ ನಿಮ್ಮ ಕಾರಿನ ಬಾಗಿಲು ತೆಗೆಯಿರಿ. ಬಗ್ಗಿ ನೋಡಿ. ಪೆಡಲ್ ಹತ್ತಿರ ಚಪ್ಪಲಿಯೋ ಬಾಟಲಿಯೋ ಚೀಲವೋ ಇದ್ದರೆ ಈಗಲೇ ತೆಗೆಯಿರಿ, ನಾಳೆ ಎನ್ನಬೇಡಿ. ಹೊಸದಾಗಿ ಕಲಿತವರು ಮನೆಯಲ್ಲಿದ್ದರೆ ಗೇಲಿ ಮಾಡಬೇಡಿ. ತಿಳಿದವರನ್ನು ಪಕ್ಕದಲ್ಲಿ ಕೂರಿಸಿ, ಖಾಲಿ ಕಣಕ್ಕೆ ಕರೆದೊಯ್ದು ಬ್ರೇಕ್ ಹಾಕುವುದನ್ನು ಕಲಿಸಿ. ಓಡಿಸಬೇಡಿ ಎಂದು ಡಾಕ್ಟರು ಹೇಳಿದ್ದರೆ ಕೀ ಬೇರೆಯವರಿಗೆ ಕೊಡಿ. ಕೀ ಕೊಟ್ಟರೆ ಯಜಮಾನಿಕೆ ಹೋಗುವುದಿಲ್ಲ. ಅನುಮಾನವಿದ್ದರೆ ಚಂದ್ರಣ್ಣನನ್ನೇ ಕೇಳಿ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಗಂಡ ಹೆಂಡತಿ ಇಬ್ಬರೇ ಬಳ್ಳಾರಿಗೆ ಹೊರಟರು. ಊರು ದಾಟುವ ತನಕ ಚಂದ್ರಣ್ಣ ಕಲಿಸುತ್ತಲೇ ಇದ್ದ. ಗೇರ್ ಬದಲಿಸು, ಹಾರ್ನ್ ಹೊಡಿ, ಆ ಸೈಕಲ್ ನೋಡು.

“ಮುಂದ ಹಂಪ್ ಐತಿ, ಮೆಲ್ಲಗ.”

“ಕಾಣತೈತ್ರಿ.”

“ಹೂಂ,” ಎಂದ ಚಂದ್ರಣ್ಣ. “ನಿನಗ ಕಾಣತೈತಿ.”

ಕಾರು ಕೋಳೂರು ದಾಟಿತು. ಎಡಗಡೆಯ ಸೀಟಿನಿಂದ ಸಣ್ಣಗೆ ಗೊರಕೆ ಕೇಳಿಸಿತು. ಜಂಬಮ್ಮ ಒಂದು ಸಲ ಆ ಕಡೆ ನೋಡಿ, ಮತ್ತೆ ರಸ್ತೆಯ ಮೇಲೆ ಕಣ್ಣಿಟ್ಟಳು.