ಹುಲುಗಮ್ಮನ ಸ್ಲೇಟು

ನಮ್ಮ ಸಂಜೆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಪಾಠ ಮುಗಿದ ಮೇಲೆ ಪ್ರತಿಯೊಬ್ಬಳೂ ಸ್ಲೇಟಿನ ಮೇಲೆ ಅವತ್ತಿನ ಒಂದು ನಿಜ ಬರೆಯಬೇಕು, ಕೆಳಗೆ ಹೆಸರು ಹಾಕಬೇಕು, ಮೇಷ್ಟ್ರು ಓದಿದ ಮೇಲೆ ಒರೆಸಿ ಮನೆಗೆ ಹೋಗಬೇಕು. ಒರೆಸುತ್ತೇವೆಂಬ ಧೈರ್ಯಕ್ಕೇ ಗಂಡನಿಗೂ ಹೇಳದ್ದನ್ನು ಬರೆಯುತ್ತಿದ್ದೆವು. ಅರವತ್ತೆರಡನೆಯ ವಯಸ್ಸಿಗೆ ಅಕ್ಷರ ಕಲಿತ ನಾನೂ ಬರೆದಿದ್ದೇನೆ. ಏನೆಂದು ಇಲ್ಲಿ ಹೇಳುವುದಿಲ್ಲ.

ಲಾರಿಗಳು ಹಗಲೂ ರಾತ್ರಿ ಅದಿರು ಹೊರುತ್ತಿದ್ದ ವರ್ಷಗಳವು. ಮರಿಯಮ್ಮನಹಳ್ಳಿಯಲ್ಲಿ ದಿನಾ ಸಂಜೆ ಕರೆಂಟು ಹೋಗುತ್ತಿತ್ತು. ಹೊಸಪೇಟೆಯ ಅಕ್ಕಿ ಗಿರಣಿಯವರ ಮಗ ಸಿದ್ದಲಿಂಗೇಶ್ ಪುಕ್ಕಟೆ ಕಲಿಸಲು ಬೈಕಿನಲ್ಲಿ ಬರುತ್ತಿದ್ದ. ಆಗ ಮೇಷ್ಟ್ರೇ ಎನ್ನುತ್ತಿದ್ದೆವು. ಈಗ ಏಕವಚನ ಸಾಕು. ಮೊಬೈಲು ಎತ್ತಿ ಹಿಡಿದು, ಫಳ್ಳನೆ ಬೆಳಕು ಬಿಟ್ಟು ಸ್ಲೇಟು ಓದುತ್ತಿದ್ದ. ಪಾಪ, ಕತ್ತಲಲ್ಲಿ ಓದಲು ಬ್ಯಾಟರಿ ಬಿಡುತ್ತಾನೆ ಎಂದುಕೊಂಡು ನಾವೇ ಸ್ಲೇಟನ್ನು ನೆಟ್ಟಗೆ ಹಿಡಿಯುತ್ತಿದ್ದೆವು.

ಅದು ಫೋಟೋ ಎಂದು ಗೊತ್ತಾದದ್ದು ಹುಲುಗಮ್ಮ ಕೆಲಸ ಕಳೆದುಕೊಂಡ ದಿನ. ಅದಿರು ರಾಶಿ ಹಾಕುವ ಪ್ಲಾಟಿನಲ್ಲಿ ಕಲ್ಲು ಆರಿಸುತ್ತಿದ್ದವಳು. "ಸೂಪರ್‌ವೈಸರ್ ನನ್ನ ಸೊಂಟಕ್ಕೆ ಕೈ ಹಾಕಿದ. ಹುಲುಗಮ್ಮ" ಎಂದು ಅವಳು ಬರೆದ ಸ್ಲೇಟನ್ನು ಸಿದ್ದಲಿಂಗೇಶ್ ಊರಿನ ಹೆಸರಿನ ಸಮೇತ ಇಂಟರ್ನೆಟ್ಟಿನ ಆರ್ಕುಟ್‌ಗೆ ಹಾಕಿದ್ದ. ಪ್ಲಾಟಿನ ಆಫೀಸಿನವರು ನೋಡಿ, ಅವಳನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಲಾರಿ ಡ್ರೈವರುಗಳು ಆ ಸಾಲನ್ನು ಅವಳಿಗೇ ರಾಗವಾಗಿ ಒಪ್ಪಿಸಿದರಂತೆ.

"ಚೆನ್ನಬಸಮ್ಮಜ್ಜೀ, ಸೋಮವಾರ ವಡ್ಡು ಊರಾಗಿನ ಬ್ಯಾರೆ ಪ್ಲಾಟಿಗೆ ಬಾ ಅಂದಾರ. ಅಷ್ಟರಾಗ ಅದನ್ನ ಒರಸಾಕ ಹೇಳ್ರಿ ಮೇಷ್ಟ್ರಿಗೆ. ಒರಸ್ತೀವಿ ಅಂತನ ನಾ ಬರದಿದ್ದು," ಎಂದಳು ಹುಲುಗಮ್ಮ.

ನಾನು ಹೋಗಿ ಹೇಳಿದೆ.

"ಅಜ್ಜೀ, ನಾಕ್ನೂರು ಮಂದಿ ನೋಡ್ಯಾರ! ಮುಚ್ಚಿಟ್ರ ಅನ್ಯಾಯ ಹೆಂಗ ಗೊತ್ತಾಗಬೇಕು? ಎಲ್ಲಾ ಓಪನ್ ಇರಬೇಕ್ರಿ."

"ಆಕಿನ್ನ ಒಂದ್ ಮಾತು ಕೇಳಿದ್ದೇನಪಾ?"

"ಕೇಳಿದ್ರ ಹೆದರಿ ಬ್ಯಾಡ ಅಂತಿದ್ಲು," ಎಂದು ನಕ್ಕ.

ಮರುದಿನ ಹೊಸಪೇಟೆಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ತಂಗಿಯ ಮಗ ಪಂಪಣ್ಣನ ನೆಟ್ ಸೆಂಟರ್ ಇದೆ.

"ಎಲ್ಲರಿಗೂ ಓಪನ್ ಅಂತಲ್ಲೋ, ತೋರಸು ನೋಡೋಣ."

"ಓಪನ್ನೇ ದೊಡ್ಡವ್ವ. ಆದ್ರ ಒಳಗ ಹೋಗಾಕ ಅಕೌಂಟ್ ಬೇಕು. ತಡಿ, ನಂದು ಹಾಕ್ತೀನಿ."

ನಾವು ಬರೆದದ್ದನ್ನು ನಾವು ನೋಡಲು ಇನ್ನೊಬ್ಬರ ಬೀಗದ ಕೈ! ನಮ್ಮ ಸ್ಲೇಟುಗಳೆಲ್ಲ ಅಲ್ಲಿದ್ದವು. ನನ್ನದೂ. ಹುಲುಗಮ್ಮನದರ ಕೆಳಗೆ ಒಬ್ಬ, 'ಮಸ್ತ್ ಫೋಟೋ, ಯಾವ ಮೊಬೈಲ್?' ಎಂದು ಕೇಳಿದ್ದ. ಇನ್ನೊಬ್ಬ, 'ಸೊಂಟದ ಫೋಟೋ ಇಲ್ಲೇನ್ಲೇ?' ಅದಕ್ಕೆ ಸಿದ್ದಲಿಂಗೇಶ್ ನಗುವ ಮುಖದ ಗುರುತು ಹಾಕಿದ್ದ.

ಪಂಪಣ್ಣ ಕೀಲಿ ತೋರಿಸುತ್ತಾ ಹೋದ. ನಾನು ಒಂದೇ ಬೆರಳಿನಲ್ಲಿ ಒತ್ತಿದೆ: 'ಇದನ್ನು ಒರೆಸುವ ಮಾತಿತ್ತು. ಚೆನ್ನಬಸಮ್ಮ.'

ಚಹಾ ಕುಡಿದು ಮುಗಿಸುವುದರೊಳಗೆ ಆ ಸಾಲು ಇರಲಿಲ್ಲ.

"ಅಳಿಸ್ಯಾನ, ದೊಡ್ಡವ್ವ."

ಮತ್ತೆ ಬರೆದೆ. ಮತ್ತೆ ಅಳಿಸಿದ. ಹುಲುಗಮ್ಮನ ಸ್ಲೇಟು ಮಾತ್ರ ಹಾಗೇ ಇತ್ತು. ಅವನಿಗೆ ಒರೆಸಲು ಬರುತ್ತದೆ, ಚೆನ್ನಾಗಿಯೇ ಬರುತ್ತದೆ.

ಸೋಮವಾರ ಹುಲುಗಮ್ಮನ ಜೊತೆ ನಾನೂ ವಡ್ಡಿಗೆ ಹೋದೆ. ಪ್ಲಾಟಿನ ಗುಮಾಸ್ತ ಅವಳ ಮುಖವನ್ನೂ ಸೊಂಟವನ್ನೂ ನೋಡಿದ.

"ಹುಲುಗಮ್ಮ? ಮರಿಯಮ್ಮನಹಳ್ಳಿ? ಆ ಕಂಪ್ಯೂಟರಿನಾಗ ಬರದಾಕಿ ನೀನೇ ಏನು?"

ಮೊದಲ ಸಲ ತನ್ನ ಹೆಸರು ಬರೆದ ದಿನ ಹುಲುಗಮ್ಮ ಆ ಸ್ಲೇಟನ್ನು ಕಣ್ಣಿಗೊತ್ತಿಕೊಂಡಿದ್ದಳು. ಈಗ ನನ್ನ ಕಡೆ ನೋಡಲಿಲ್ಲ.

"ನಂಗೆಲ್ಲಿ ಬರ್ಯಾಕ ಬರ್ತೈತ್ರಿ ಯಣ್ಣಾ? ಒಂದಕ್ಷರ ಗೊತ್ತಿಲ್ಲ. ಆಕಿ ಬ್ಯಾರೆ ಯಾರೋ."

ಎಡಗೈಯ ಹೆಬ್ಬೆಟ್ಟು ಮುಂದೆ ಮಾಡಿದಳು. ಗುಮಾಸ್ತ ನಕ್ಕು ಶಾಯಿಯ ಡಬ್ಬಿ ತಳ್ಳಿದ. ಅವಳು ಒತ್ತಿದಳು. ಕೆಲಸ ಸಿಕ್ಕಿತು.

ನಾನು ಗೇಟಿನ ಹೊರಗೆ ಬಂದು ಕೆಂಪು ಧೂಳಿನ ಮೇಲೆ ಉಗುಳಿದೆ.