ತಲೆಕೆಳಗಾದ ಆನೆ, ತಣ್ಣನೆಯ ಕೈ

"ನನ್ನ ಮಡಿಲಲ್ಲಿ ಬೆಳೆದ್ರೂ ಇವಳು ನಿನ್ನ ಮಗಳಾಗೇ ಬೆಳೀತಾಳೆ. ಮಾತು ಕೊಟ್ಟಿದೀನಿ, ಹೋಗು" ಎಂದಿದ್ದರು ಅತ್ತೆ. ಸೊಸೆ ಬಾಣಂತನ ಮುಗಿಸಿ ಮತ್ತೆ ಐಸ್ ಫ್ಯಾಕ್ಟರಿಯ ಕೆಲಸಕ್ಕೆ ಹೊರಟ ದಿನ ಅದು. ಹೊಸ್ತಿಲಲ್ಲೇ ಕಾಲು ಏಳದೆ ನಿಂತಿದ್ದವಳಿಗೆ ಆ ಒಂದು ಮಾತೇ ಆಸರೆಯಾಗಿತ್ತು.

ಈಗ ಮಗಳಿಗೆ ಮೂರು ತುಂಬಿದೆ. ಗುಂಡುಗುಂಡಾಗಿರುವುದಕ್ಕೆ ಎಲ್ಲರ ಬಾಯಲ್ಲೂ ಗುಂಡಮ್ಮ.

ತಗಡಿನ ಅಚ್ಚುಗಳಿಂದ ಐಸಿನ ದಿಮ್ಮಿ ಬಿಡಿಸುವುದು ತಾಯಿಯ ಕೆಲಸ. ಮನೆಗೆ ಬಂದು ಎಷ್ಟು ಉಜ್ಜಿಕೊಂಡರೂ ಕೈಗೆ ಬಿಸುಪು ಹತ್ತದು. ಎತ್ತಿಕೊಳ್ಳಲು ಹೋದರೆ ಗುಂಡಮ್ಮ, "ಅಮ್ಮನ ಕೈ ಬೇಡ, ಚಳಿ ಚಳಿ!" ಎಂದು ಅಜ್ಜಿಯ ಬೆನ್ನ ಹಿಂದೆ ಸೇರಿಕೊಳ್ಳುತ್ತಿದ್ದಳು. ತಾಯಿ ನಗುತ್ತಲೇ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು; ಆಮೇಲೆ ಒಳಗೆ ಹೋಗಿ ಮತ್ತೆ ಉಜ್ಜಿಕೊಳ್ಳುತ್ತಿದ್ದಳು. ಅತ್ತೆಯ ಮೇಲೆ ಮುನಿಯೋಣವೆಂದರೆ, ಉಣಿಸಿ ತೊಳೆದು ಮಲಗಿಸಿ ಮಗುವನ್ನು ಹೂವಿನಂತೆ ಕಾದವರೇ ಅವರು.

ಒಂದು ರಜೆಯ ಮಧ್ಯಾಹ್ನ ಅತ್ತೆ ಫ್ರಿಜ್ಜಿನ ಮೇಲಿನ ಖಾನೆಯಿಂದ ದೊಡ್ಡ ಡಬ್ಬಿಯೊಂದನ್ನು ಎತ್ತಿ ತಂದು, ಅಡುಗೆಮನೆಯ ನೆಲದ ಮೇಲಿದ್ದ ಬೋಗುಣಿಯಲ್ಲಿಟ್ಟರು. ಡಬ್ಬಿ ತುಂಬ ಐಸು, ಐಸಿನೊಳಗೆ ಗುಂಡಮ್ಮನ ಪ್ಲಾಸ್ಟಿಕ್ ಪ್ರಾಣಿಗಳು. ಒಂದೇ ಸಲಕ್ಕೆ ನೀರು ಹುಯ್ದಿದ್ದರಿಂದ ಎಲ್ಲವೂ ತೇಲಿ ತಲೆಕೆಳಗಾಗಿದ್ದವು. ಆನೆಯ ಕಾಲುಗಳಷ್ಟೇ ಹೊರಗೆ.

"ಅಜ್ಜೀ, ಆನೆ ಮುಳುಗೋಯ್ತು!"

"ಮುಳುಗಿಲ್ಲ ಕಣೇ, ಲಾಗ ಹಾಕ್ತಿದೆ" ಎನ್ನುತ್ತ ಅತ್ತೆ ಸೌಟಿನಿಂದ ಟಣಟಣ ಕುಟ್ಟತೊಡಗಿದರು.

ಸೊಸೆಗೆ ತಡೆಯಲಾಗಲಿಲ್ಲ. "ಅಯ್ಯೋ ಅತ್ತೆ, ಹಾಗೆ ಕುಟ್ತಾರಾ? ಚೂರು ಸಿಡಿದು ಕಣ್ಣಿಗೆ ಬಿದ್ದೀತು!"

"ಹಾಗಾದ್ರೆ ನೀನೇ ಬಾರಮ್ಮ. ನಾನೇನು ಫ್ಯಾಕ್ಟರಿ ಕಂಡೋಳಾ?"

ಅವಳು ಕೂತು, ಅಚ್ಚು ಬಿಡಿಸುವಂತೆಯೇ ಬೋಗುಣಿಗೆ ನೀರು ತುಂಬಿ ಡಬ್ಬಿಯನ್ನು ಅದರಲ್ಲಿ ಅದ್ದಿ ಓರೆ ಮಾಡಿದಳು. ಗಡ್ಡೆ ಸುಳುಕ್ಕನೆ ಬೋಗುಣಿಗೆ ಜಾರಿತು. ಗುಂಡಮ್ಮ ಚಪ್ಪಾಳೆ ತಟ್ಟಿದಳು. ಅಮ್ಮ ಕೊಟ್ಟ ಲೋಟದಿಂದ ಉಗುರುಬೆಚ್ಚನೆಯ ನೀರು ಹುಯ್ದಲ್ಲೆಲ್ಲ ಐಸು ಚಟಚಟ ಎಂದಿತು. ಮೊದಲು ಬೆರಳ ತುದಿ, ಆಮೇಲೆ ಇಡೀ ಅಂಗೈ, ಕೊನೆಗೆ ಕೆನ್ನೆಯನ್ನೇ ಐಸಿಗೆ ಆನಿಸಿ ಕಿಲಕಿಲ ನಕ್ಕಳು. ಆನೆಯ ಕಾಲು ಎಳೆಯಲು ಅಜ್ಜಿ ಕೈ ಚಾಚಿದರೆ ತಳ್ಳಿಬಿಟ್ಟಳು.

"ನೀನು ಬೇಡ! ನಿನ್ನ ಕೈ ಬಿಸಿ, ಆನೆಗೆ ಸುಡುತ್ತೆ. ಅಮ್ಮನ ಕೈಯೇ ಬೇಕು."

"ಹೋಯ್ತಪ್ಪ ನನ್ನ ಕೆಲಸ!" ಅತ್ತೆ ಗೋಡೆಗೊರಗಿ, ಸೊಸೆಯತ್ತ ಕಣ್ಣು ಮಿಟುಕಿಸಿದರು.

ಆಗ ಅವಳಿಗೆ ಹೊಳೆಯಿತು. ಮೊಮ್ಮಗಳಿಗೆ ಆಟವಾಗಲೆಂದಷ್ಟೇ ಆ ಡಬ್ಬಿ ಫ್ರಿಜ್ಜು ಸೇರಿರಲಿಲ್ಲ. "ಅತ್ತೆ..." ಎಂದಳು. ಬಿಡಿಸಿದ ಆನೆಯನ್ನು ಮಗಳ ಅಂಗೈಗಿಟ್ಟಳು.

"ನೆಲ ಒರೆಸೋಳು ನೀನೇ. ಈಗಲೇ ಹೇಳ್ಬಿಟ್ಟಿದೀನಿ" ಎಂದರು ಅತ್ತೆ.

ಅವಳು ಒರೆಸಿದಳು. ನೆಲ ಒರೆಸಿ ಮನಸ್ಸು ಅಷ್ಟು ಹಗುರಾದದ್ದು ಅದೇ ಮೊದಲು.

ಮರುದಿನ ಸಂಜೆ ಅವಳಿನ್ನೂ ಚಪ್ಪಲಿ ಬಿಡುತ್ತಿರುವಾಗಲೇ ಗುಂಡಮ್ಮ ಅಜ್ಜಿಯ ಮಡಿಲಿಂದ ಜಾರಿ ಓಡಿ ಬಂದಳು. ಅಮ್ಮನ ಎರಡೂ ಕೈಗಳನ್ನು ಎಳೆದು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಅಮ್ಮಾ, ಇವತ್ತು ಯಾರನ್ನ ಬಿಡಿಸಿದೆ?"

ಅತ್ತೆ ಕೊಟ್ಟ ಮಾತು ಉಳಿಸಿಕೊಂಡಿದ್ದರು.