ಶುಕೂರ್ ಹೇಳಿ ಬರೆಸಿದ ಲೆಕ್ಕ

೧೯೬೨ರ ಜನವರಿಯಲ್ಲಿ ಅಬ್ದುಲ್ ಶುಕೂರ್ ಬೊಂಬಾಯಿಯಿಂದ ಪಾಣೆಮಂಗಳೂರಿನ ಮನೆಗೆ ಬಂದಾಗ ಅವನಿಗೆ ಮೂವತ್ತನಾಲ್ಕು. ಅಣುವಿನ ಒಳಗಿನ ಕಣಗಳ ಬಗ್ಗೆ ಅವನು ಕಾಗದದ ಮೇಲೆ ಮಾಡಿದ ಲೆಕ್ಕಗಳನ್ನು ಪರದೇಶದ ವಿಜ್ಞಾನಿಗಳೂ ಓದುತ್ತಿದ್ದರು. ಆ ದಾರಿಯಲ್ಲಿ ಯೋಚಿಸಿದವರಲ್ಲಿ ಅವನೇ ಮೊದಲಿಗ. ರಕ್ತದ ಕ್ಯಾನ್ಸರು, ಮದ್ದಿಲ್ಲ ಎಂದು ಡಾಕ್ಟರರು ಊರಿಗೆ ಕಳಿಸಿದ್ದರು.

ಬೆರಳಲ್ಲಿ ಪೆನ್ನು ನಿಲ್ಲದಾದಾಗ, ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಜತ್ತಪ್ಪ ಮಾಸ್ಟ್ರಿಗೆ ಹೇಳಿಕಳಿಸಿದ.

"ಒಂದು ಲೆಕ್ಕ ಅರ್ಧದಲ್ಲಿ ಉಂಟು ಸರ್. ನಾನು ಹೇಳ್ತೇನೆ, ನೀವು ಬರೀತೀರಾ?"

"ನನಗೆ ಅದೆಲ್ಲ ಅರ್ಥ ಆಗ್ಲಿಕ್ಕಿಲ್ಲ ಮಾರಾಯ."

"ಅರ್ಥ ಆಗುವುದು ಬೇಡ. ಬರೆದ್ರೆ ಸಾಕು."

ಅಂದಿನಿಂದ ಶಾಲೆ ಬಿಟ್ಟ ಕೂಡಲೇ ಮಾಸ್ಟ್ರು ಬಂಟ್ವಾಳದಿಂದ ಸೇತುವೆ ದಾಟಿ ಬರುತ್ತಿದ್ದರು. ಅವರಿಗೆ ಗೊತ್ತಿಲ್ಲದ ಗ್ರೀಕ್ ಅಕ್ಷರಗಳನ್ನು ಶುಕೂರ್ ಗಾಳಿಯಲ್ಲಿ ಬೆರಳಾಡಿಸಿ ತೋರಿಸುತ್ತಿದ್ದ. ಒಮ್ಮೆ ಮಾಸ್ಟ್ರು ಒಂದು ಮೈನಸ್ ಬಿಟ್ಟದ್ದರಿಂದ ನಾಲ್ಕು ಪುಟ ಕೆಟ್ಟವು. ಸರಿಮಾಡಲು ಮೂರು ದಿನ ಹೋಯಿತು. ಅವನಿಗೆ ಉಳಿದ ದಿನಗಳೇ ಕಮ್ಮಿ. ಮಾಸ್ಟ್ರು ಅತ್ತುಬಿಟ್ಟರು.

"ಬಿಡಿ ಸರ್. ನಿಮ್ಮ ಕ್ಲಾಸಲ್ಲಿ ನಾನೆಷ್ಟು ಮೈನಸ್ ಬಿಟ್ಟಿಲ್ಲ!"

ತಾಯಿ ಜೈನಬಮ್ಮ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಒಂದು ದಿನ ಜಗಲಿಯಲ್ಲಿ ಮೆಲ್ಲನೆ ಕೇಳಿದರು: "ಅದು ಮುಗಿದ್ರೆ ಇವನು ಹುಷಾರಾಗ್ತಾನಾ ಮಾಸ್ಟ್ರೇ?"

ಮಾಸ್ಟ್ರು ಚಪ್ಪಲಿ ಹುಡುಕುವವರಂತೆ ತಲೆ ತಗ್ಗಿಸಿದರು.

ಮಾರ್ಚಿನ ಒಂದು ಮಧ್ಯಾಹ್ನ, ಇನ್ನು ಒಂದೇ ಪುಟ ಬಾಕಿ ಇರುವಾಗ, ಶುಕೂರ್ ತೀರಿಕೊಂಡ. ಮಾಸ್ಟ್ರು ಎಂದಿನಂತೆ ಸಂಜೆ ಬಂದಾಗ ಮನೆಯವರು ಅವನ ದೇಹವನ್ನು, ಮಯ್ಯತ್ತನ್ನು, ಮಸೀದಿಗೆ ಒಯ್ಯಲು ಎತ್ತುತ್ತಿದ್ದರು. ಮಾಸ್ಟ್ರೂ ಹಿಂದೆ ನಡೆದರು.

ಬರೆದಷ್ಟನ್ನು ಅವರು ಬೊಂಬಾಯಿಗೆ, ಶುಕೂರನ ಸಹೋದ್ಯೋಗಿ ಲೋಕನಾಥನಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರು. ಎರಡು ವರ್ಷದ ಮೇಲೆ ಅಚ್ಚಾದ ಪ್ರಬಂಧ ಬಂತು. ಉಳಿದದ್ದನ್ನು ಲೋಕನಾಥ ಪೂರ್ತಿ ಮಾಡಿದ್ದ. ಮೂರು ದೇಶಗಳಲ್ಲಿ ಈಗ ಇದರ ಮೇಲೆ ಕೆಲಸ ನಡೆಯುತ್ತಿದೆ ಎಂದು ಜೊತೆಗಿದ್ದ ಅವನ ಕಾಗದದಲ್ಲಿತ್ತು.

ಮಾಸ್ಟ್ರು ಎಲ್ಲವನ್ನೂ ಜೈನಬಮ್ಮನಿಗೆ ಓದಿ ಹೇಳಿ, ಮಗನ ಹೆಸರು ತೋರಿಸಿದರು.

"ಪಕ್ಕದಲ್ಲಿ ಇದೆಂತ, ನಕ್ಷತ್ರದ ಹಾಗೆ?"

ತೀರಿಹೋದವರ ಹೆಸರಿಗೆ ಹಾಕುವ ಗುರುತು ಅದು. ಮಾಸ್ಟ್ರು ಅದರ ಮೇಲೆ ಬೆರಳಿಟ್ಟರು. "ಅವನು ಈಗ ಇಲ್ಲ ಅಂತ ಓದುವವರಿಗೆ ತಿಳಿಸ್ಲಿಕ್ಕೆ, ಜೈನಬಮ್ಮ."

"ಅಷ್ಟು ದೂರದವರಿಗೂ ಗೊತ್ತಾಯ್ತು," ಎಂದರು ಜೈನಬಮ್ಮ. ತಲೆಯ ಮೇಲಿನ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡು, ಆ ಹಾಳೆಗಳನ್ನು ಮಡಿಲಲ್ಲೇ ಇಟ್ಟುಕೊಂಡು ಕೂತರು.